ಬೆಂಚು, ಕಟ್ಟೆ, ಒಲೆ

ನಮ್ಮ ಗಣಿತದ ಅಕ್ಕೋರಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳಿದರೆ ಗುರುನಿಂದೆಯಾಗುತ್ತದೆ. ಆದ್ದರಿಂದ ನಾನು ಹೇಳುವುದಿಲ್ಲ. ಅವರ ಯಜಮಾನರು ಹೇಳುತ್ತಿದ್ದರು, ನಮ್ಮ ಹೆಡ್ಮಾಸ್ಟರು ಹೇಳುತ್ತಿದ್ದರು, ಶಾಲೆಯ ಜವಾನ ಗಂಟೆ ಬಾರಿಸುತ್ತಲೇ ಹೇಳುತ್ತಿದ್ದ. ಬಸವೇಶ್ವರನಗರದ ಅವರ ಬೀದಿಗೆ ಹಾಲು ಹಾಕುತ್ತಿದ್ದವನಿಗೂ ಇದೇ ಅಭಿಪ್ರಾಯವಿತ್ತು. ಇಷ್ಟು ಜನ, ಅದರಲ್ಲೂ ಕೆಲವರು ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು, ಒಂದೇ ಮಾತು ಹೇಳುತ್ತಿರುವಾಗ ‘ಛೆ, ಹಾಗೇನಿಲ್ಲ’ ಎನ್ನಲು ನಾನು ಯಾರು?

ಅವರು ಗದಗದ ಕಡೆಯವರು. ಯಜಮಾನರಿಗೆ ಬೆಂಗಳೂರಿಗೆ ವರ್ಗವಾದ ಮೇಲೆ ಇಲ್ಲಿಗೆ ಬಂದು, ಮಾಗಡಿ ರಸ್ತೆಯ ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲು ಸೇರಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕಡೆ ಹೆಂಗಸು ಪಾಠ ಮಾಡಿದರೆ ‘ಮಿಸ್’. ಮೊದಲನೆಯ ದಿನ ನಾವೆಲ್ಲ ಎದ್ದು ನಿಂತು “ನಮಸ್ತೇ ಮಿಸ್” ಎಂದು ರಾಗ ಎಳೆದೆವು. ಅವರು ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟರು.

“ಮಿಸ್ ಅಂತ ಮಿಸ್! ನನ್ನ ಮದಿವ್ಯಾಗಿ ಹನ್ನೊಂದು ವರ್ಷಾತು. ಅಕ್ಕೋರ ಅನ್ರಿ.”

ಅಂದಿನಿಂದ ಅವರು ಅಕ್ಕೋರು. ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಎಡಗೈಗೆ ಗಂಡಸರ ದೊಡ್ಡ ಗಡಿಯಾರ, ಕಾಲಿಗೆ ಹವಾಯಿ ಚಪ್ಪಲಿ, ಬಗಲಲ್ಲಿ ಕಪ್ಪುಹಲಗೆಯ ಮೇಲೆ ವೃತ್ತ ಎಳೆಯುವ ಮರದ ಕೈವಾರ. ಶಾಲೆಯಲ್ಲಿ ಬಿಟ್ಟರೆ ಹುಡುಗರು ಅದರಿಂದ ಕತ್ತಿವರಸೆ ಆಡುತ್ತಾರೆಂದು ದಿನವೂ ಸಿಟಿ ಬಸ್ಸಿನಲ್ಲಿ ಹೊತ್ತು ತರುತ್ತಿದ್ದರು. ಅದರ ಮೊನೆ ನೋಡಿಯೇ ಜನ ಜಾಗ ಬಿಡುತ್ತಿದ್ದರು. ಒಮ್ಮೆ ಕಂಡಕ್ಟರ್, “ಏನಮ್ಮಾ, ಈ ಕಟ್ಟಿಗೆಗೂ ಲಗೇಜ್ ಟಿಕೆಟ್ ತಗೋಬೇಕು” ಎಂದನಂತೆ. “ಅದು ಸೀಟು ಕೇಳಿಲ್ಲಲ್ರಿ ನಿಮ್ಮನ್ನ, ಪಾಪ ನಿಂತ ಬರ್ತೈತಿ” ಎಂದರಂತೆ ಅಕ್ಕೋರು. ಬಸ್ಸೆಲ್ಲ ನಕ್ಕಿತು. ಅವರು ಮಾತ್ರ ನಗಲಿಲ್ಲ. ಅವರು ತಮಾಷೆ ಮಾಡಿರಲೂ ಇಲ್ಲ!

ಈಗ ಅವರ ಹುಚ್ಚಿನ ವಿಚಾರ.

ಉಳಿದ ಮೇಷ್ಟರುಗಳಿಗೆ ಮಕ್ಕಳೆಂದರೆ ಎರಡು ಜಾತಿ: ಜಾಣರು, ದಡ್ಡರು. ಸರಳ ವ್ಯವಸ್ಥೆ. ಜಾಣರಿಗೆ ಪಾಠ, ದಡ್ಡರಿಗೆ ಬೆತ್ತ. ಅಕ್ಕೋರ ವ್ಯವಸ್ಥೆ ಹಾಗಿರಲಿಲ್ಲ. ಅದರಲ್ಲಿ ಮೂರು ಜಾಗಗಳಿದ್ದವು: ಬೆಂಚು, ಕಟ್ಟೆ, ಒಲೆ.

ಬೆಂಚು ಎಂದರೆ ತರಗತಿ. ಅಲ್ಲಿ ಎಲ್ಲರಿಗೂ ಒಂದೇ ಪಾಠ. ಆದರೆ ಅರ್ಥವಾಗದವರು ಕೈ ಎತ್ತಬೇಕಾಗಿರಲಿಲ್ಲ. ಐವತ್ತೆಂಟು ಮಕ್ಕಳ ನಡುವೆ ‘ನನಗೆ ತಿಳಿಯಲಿಲ್ಲ’ ಎಂದು ಕೈ ಎತ್ತಲು ಎಂಟೆದೆ ಬೇಕು. ಅದಕ್ಕೆ ಅಕ್ಕೋರು, “ತಿಳೀದವ್ರು ಪುಸ್ತಕಾ ಬೋರಲ ಹಾಕ್ರಿ, ಬಾಯಿ ತಗೀಬ್ಯಾಡ್ರಿ” ಎನ್ನುತ್ತಿದ್ದರು. ಪಾಠದ ಕೊನೆಗೆ ಬೆಂಚುಗಳ ನಡುವೆ ನಡೆದು, ಕವುಚಿದ ಪುಸ್ತಕಗಳನ್ನು ಕಣ್ಣಲ್ಲೇ ಎಣಿಸಿಕೊಂಡು, ಇನ್ನೊಂದು ಸಲ ಹೇಳುತ್ತಿದ್ದರು. ಮೂರು ದಿನ ಸತತವಾಗಿ ಒಬ್ಬರದೇ ಪುಸ್ತಕ ಬೋರಲು ಬಿದ್ದರೆ ಅವರಿಗೆ ಕಟ್ಟೆ.

ಕಟ್ಟೆ ಎಂದರೆ ಶಾಲೆಯ ಅಂಗಳದ ಹೊಂಗೆ ಮರದ ಕಟ್ಟೆ. ಊಟದ ಬಿಡುವಿನಲ್ಲಿ ಅರ್ಧ ಗಂಟೆ, ಏಳೆಂಟು ಜನ. ಹೊಂಗೆ ಕಾಯಿ ಜೋಡಿಸಿ ಭಿನ್ನರಾಶಿ, ಕಡ್ಡಿ ಮುರಿದು ತ್ರಿಕೋನ. ಕಟ್ಟೆಯ ಮೇಲೆ ಒಂದು ತಿಂಗಳು ಕುಳಿತೂ ದಾರಿಗೆ ಬಾರದವರು ಭಾನುವಾರ ಬೆಳಿಗ್ಗೆ ಬಸವೇಶ್ವರನಗರದ ಅಕ್ಕೋರ ಮನೆಗೆ ಹೋಗಬೇಕು. ಒಲೆಯ ಮುಂದೆ, ಅಡುಗೆಮನೆಯ ನೆಲದ ಮೇಲೆ, ನಾಲ್ಕೈದು ಜನ. ಅದೇ ಒಲೆ. ಅದರಿಂದ ಕೆಳಗೆ ಇನ್ನಾವ ಜಾಗವೂ ಇರಲಿಲ್ಲ.

“ಇಳಿಯೂದಷ್ಟ ಅಲ್ಲವಾ, ಹತ್ತೂದೂ ಐತಿ” ಎನ್ನುತ್ತಿದ್ದರು. ಒಲೆಯಿಂದ ಕಟ್ಟೆಗೆ ಹತ್ತಿದವರ ಮನೆಗೆ ಚೀಟಿ ಹೋಗುತ್ತಿತ್ತು. ನನ್ನ ಅಮ್ಮನಿಗೂ ಒಮ್ಮೆ ಅಂಥ ಚೀಟಿ ಬಂತು. ಅಗರಬತ್ತಿ ಹೊಸೆಯುತ್ತಿದ್ದ ಅಮ್ಮ ಸುಂಕದಕಟ್ಟೆಯ ನಮ್ಮ ವಠಾರಕ್ಕೆಲ್ಲ “ನಮ್ಮುಡುಗೀಗೆ ಪ್ರಮೋಷನ್ ಆಯ್ತು” ಎಂದು ಸಾರಿಕೊಂಡು ಬಂದಳು. ಒಂದು ತಿಂಗಳಿಗೆ ನಾನು ಮರಳಿ ಒಲೆಗೆ ಬಿದ್ದೆ. ಅದನ್ನು ಅಮ್ಮನಿಗೆ ನಾನೂ ಹೇಳಲಿಲ್ಲ, ಅಕ್ಕೋರೂ ಚೀಟಿ ಕಳಿಸಲಿಲ್ಲ. ಇಳಿಯುವುದಕ್ಕೆ ಅವರ ವ್ಯವಸ್ಥೆಯಲ್ಲಿ ಚೀಟಿಯೇ ಇರಲಿಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಎಲ್ಲಿ ಬೇಕಾದರೂ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಆದರೆ ಹತ್ತನೆಯ ತರಗತಿಯಲ್ಲಿ ನಾನು ಕಾಯಂ ಒಲೆಯವಳು ಎಂಬುದನ್ನೂ ಹೇಳಬೇಕಲ್ಲ!

ಒಲೆಯ ಪಾಠದ ಕ್ರಮ ಹೀಗೆ. ಅಕ್ಕೋರು ಜೋಳದ ರೊಟ್ಟಿ ತಟ್ಟುವರು. ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಒಬ್ಬರಿಗೆ ಪ್ರಶ್ನೆ. ಉತ್ತರ ಬರುವವರೆಗೆ ರೊಟ್ಟಿ ತಿರುವಿ ಹಾಕುವಂತಿಲ್ಲ. ಬೇಗ ಹೇಳಿದರೆ ರೊಟ್ಟಿ ಹದವಾಗಿ ಉಬ್ಬಿ ಬುಟ್ಟಿ ಸೇರುತ್ತದೆ. ತಡವಾದರೆ ಸುಡುತ್ತದೆ. ಸುಟ್ಟ ರೊಟ್ಟಿಯನ್ನು ಸುಟ್ಟವರೇ ತಿನ್ನಬೇಕು!

“ಪೈಥಾಗೊರಸನ ಪ್ರಮೇಯಾ ಹೇಳು. ಹೂಂ, ಲಗೂನ. ವಾಸನಿ ಬಂತು... ಹೊಗಿ ಬಂತು... ಆತು, ತಿನ್ನಬೇ ನಿನ್ನ ಪ್ರಮೇಯಾ!”

ಅವರ ಯಜಮಾನರು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಗೆಯ ನಡುವೆ ನಮ್ಮನ್ನು ನೋಡಿ, ಟೋಪಿ ಹಾಕಿಕೊಂಡು ಹೋಟೆಲಿಗೆ ಹೊರಡುತ್ತಿದ್ದರು. “ನನ್ನ ಮದಿವಿ ಮಾಡಬೇಕಾರ ಹುಡುಗಿಗೆ ಅಡಗಿ ಬರ್ತೈತಿ ಅಂತ ಹೇಳಿದ್ರು. ಬರ್ತೈತಿ. ಆದ್ರ ಅದರ ಸಂಗಾಟ ಗಣಿತನೂ ಬರ್ತೈತಿ ಅಂತ ಯಾರೂ ಹೇಳಲಿಲ್ಲ” ಎಂದು ನಮ್ಮೆದುರಿಗೇ ಗೊಣಗುತ್ತಿದ್ದರು.

ಒಲೆಯವರಲ್ಲಿ ಅತಿ ಹೆಚ್ಚು ರೊಟ್ಟಿ ಸುಟ್ಟವಳು ನನ್ನ ಗೆಳತಿ ರತ್ನಾ. ಅವಳು ಕಾಮಾಕ್ಷಿಪಾಳ್ಯದವಳು. ಅಪ್ಪ ಇಲ್ಲ, ಅಮ್ಮ ರಾಜಾಜಿನಗರದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಕೆಳಗೆ ಇಬ್ಬರು ತಮ್ಮಂದಿರು. ಏನು ಕೇಳಿದರೂ ರತ್ನಾ ಹಂಚಿನ ಕಡೆ ನೋಡುತ್ತ ಸುಮ್ಮನೆ ಕೂರುತ್ತಿದ್ದಳು. ರೊಟ್ಟಿ ಕರಿಯಾಗುತ್ತಿತ್ತು. ತಿನ್ನುತ್ತಿದ್ದಳು. ಮತ್ತೆ ಪ್ರಶ್ನೆ, ಮತ್ತೆ ಮೌನ, ಮತ್ತೆ ಕರಿ ರೊಟ್ಟಿ. ಅಕ್ಕೋರು ಹಣೆ ಚಚ್ಚಿಕೊಳ್ಳುತ್ತಿದ್ದರು. “ಏನ್ ಹುಡುಗಿವಾ ನೀ! ಕಲ್ಲರ ಕರಗತೈತಿ, ನಿನ್ನ ತಲಿ ಕರಗವಲ್ದು.” ನಾವು ನಗುತ್ತಿದ್ದೆವು. ನಮಗಿಂತ ದಡ್ಡಿ ಒಬ್ಬಳು ಸಿಕ್ಕ ಸಂತೋಷ ಅದು. ಬಡವರ ಮನೆ ಮಕ್ಕಳಿಗೆ ಸುಲಭವಾಗಿ ಸಿಗುತ್ತಿದ್ದ ಸಂತೋಷಗಳಲ್ಲಿ ಒಂದು.

ಹೀಗೇ ಎರಡು ತಿಂಗಳು ನಡೆಯಿತು. ಒಂದು ಭಾನುವಾರ ಬುಟ್ಟಿಯಲ್ಲಿ ಹಿಂದಿನ ದಿನದ ನಾಲ್ಕು ರೊಟ್ಟಿ ಉಳಿದಿದ್ದವು. ಅಕ್ಕೋರು ಶೇಂಗಾ ಚಟ್ನಿ ಹಾಕಿ, ನಾವು ಬಂದು ಕೂರುತ್ತಲೇ ನಮ್ಮ ಮುಂದೆ ಇಟ್ಟರು. ಆಮೇಲೆ ಪಾಠ ಶುರುವಾಯಿತು. ರತ್ನಾ ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಿದಳು. ರೊಟ್ಟಿ ಇನ್ನೂ ಅರ್ಧವೂ ಬೆಂದಿರಲಿಲ್ಲ. ಎರಡನೆಯದಕ್ಕೂ ಹೇಳಿದಳು. ನಾನು ತೊದಲುತ್ತಿದ್ದ ಪ್ರಮೇಯವನ್ನೂ ಅವಳೇ ಮುಗಿಸಿದಳು.

ಅಕ್ಕೋರ ಕೈ ಹಿಟ್ಟಿನಲ್ಲೇ ನಿಂತಿತು.

“ಇಷ್ಟ ದಿನಾ ಯಾಕ ಹೇಳಲಿಲ್ಲವಾ?”

ರತ್ನಾ ತಲೆ ತಗ್ಗಿಸಿದಳು. “ಬೇಗ ಹೇಳಿದ್ರೆ ರೊಟ್ಟಿ ಕೊಡಲ್ವಲ್ಲ ಮಿಸ್.”

ಶನಿವಾರ ಮಧ್ಯಾಹ್ನದಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರುತ್ತಿರಲಿಲ್ಲವಂತೆ. ಹದವಾದ ರೊಟ್ಟಿ ಬುಟ್ಟಿಗೆ ಹೋಗುತ್ತದೆ, ಸುಟ್ಟದ್ದು ಮಾತ್ರ ಕೈಗೆ ಬರುತ್ತದೆ. ಅಷ್ಟು ಲೆಕ್ಕ ಅವಳಿಗೆ ಬರುತ್ತಿತ್ತು! ಮಿಸ್ ಎಂದಿದ್ದಕ್ಕೆ ಅಕ್ಕೋರು ಅಂದು ಬೈಯಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಇದ್ದಿಲಾಯಿತು, ಅದನ್ನೂ ನೋಡಲಿಲ್ಲ. ಹಿಟ್ಟಿನ ಕೈಯಲ್ಲೇ ಹಣೆ ಒತ್ತಿ ಹಿಡಿದುಕೊಂಡರು. ವಿಭೂತಿಯ ಮೇಲೆ ಜೋಳದ ಹಿಟ್ಟು. ಮುಂದಿನ ಭಾನುವಾರದಿಂದ ಕಾನೂನು ಬದಲಾಯಿತು. ಮೊದಲು ಊಟ, ಆಮೇಲೆ ಗಣಿತ. ಸುಟ್ಟ ರೊಟ್ಟಿಯನ್ನು ಅಕ್ಕೋರೇ ತಿನ್ನುತ್ತಿದ್ದರು.

ಇಷ್ಟು ಹೇಳಿದ ಮೇಲೆ ಹೆಡ್ಮಾಸ್ಟರ ವ್ಯವಸ್ಥೆಯನ್ನೂ ಹೇಳಬೇಕು. ಅದರಲ್ಲೂ ಮೂರು ಮೆಟ್ಟಿಲುಗಳಿದ್ದವು. ಒಂದು, ಎಚ್ಚರಿಕೆ. ಎರಡು, ತಂದೆತಾಯಿಯರಿಗೆ ಕರೆ. ಮೂರು, ಕಾಮಾಲೆ.

ಹೌದು, ಕಾಮಾಲೆ ರೋಗ! ನಮ್ಮ ಶಾಲೆಯಲ್ಲಿ ಪ್ರತಿವರ್ಷ ಫೆಬ್ರವರಿಯಲ್ಲಿ, ಪ್ರಿಪರೇಟರಿ ಪರೀಕ್ಷೆಯ ಅಂಕ ಬಂದ ಮಾರನೆಯ ದಿನ, ಹತ್ತನೆಯ ತರಗತಿಯ ಕೆಲವರಿಗೆ ಕಾಮಾಲೆ ತಗುಲುತ್ತಿತ್ತು. ಅದು ಗಣಿತದಲ್ಲಿ ಇಪ್ಪತ್ತೈದಕ್ಕಿಂತ ಕಡಿಮೆ ಬಂದವರನ್ನು ಮಾತ್ರ ಹುಡುಕಿಕೊಂಡು ಬರುವ ವಿಚಿತ್ರ ಕಾಮಾಲೆ. ಹಿಂದಿನ ವರ್ಷ ಓಟದಲ್ಲಿ ಜಿಲ್ಲೆಗೇ ಮೊದಲು ಬಂದ ಹುಡುಗನೊಬ್ಬನಿಗೆ ಹತ್ತೇ ದಿನದಲ್ಲಿ ತಗುಲಿತ್ತು! ಹೆಡ್ಮಾಸ್ಟರು ಪತ್ರಗಳನ್ನು ಮೊದಲೇ ಸೈಕ್ಲೋಸ್ಟೈಲ್ ಮಾಡಿಸಿ ಇಟ್ಟಿರುತ್ತಿದ್ದರು. ‘ನನ್ನ ಮಗ/ಮಗಳಿಗೆ ಕಾಮಾಲೆಯಾಗಿರುವ ಕಾರಣ ಈ ಸಾಲಿನ ಪರೀಕ್ಷೆಗೆ ಕೂರುವುದಿಲ್ಲ.’ ಹೆಸರಿನ ಜಾಗ ಖಾಲಿ, ಕೆಳಗೆ ಸಹಿಯ ಜಾಗ ಖಾಲಿ, ರೋಗ ಮಾತ್ರ ಅಚ್ಚಾಗಿರುತ್ತಿತ್ತು. ಪರೀಕ್ಷೆಗೆ ಕೂತವರೆಲ್ಲ ಪಾಸು. ಶಾಲೆಯ ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ‘ಫಲಿತಾಂಶ ಶೇಕಡಾ ನೂರು’.

ಆ ವರ್ಷ ಪ್ರಿಪರೇಟರಿಯಲ್ಲಿ ನನಗೆ ಗಣಿತದಲ್ಲಿ ಇಪ್ಪತ್ತೆರಡು. ರತ್ನಾಳಿಗೆ ಇಪ್ಪತ್ನಾಲ್ಕು. ಬಾಯಲ್ಲಿ ಹೇಳುವುದೆಲ್ಲ ಅವಳಿಗೆ ಬರುತ್ತಿತ್ತು, ಹಾಳೆಯ ಮೇಲೆ ಸಮೀಕರಣ ಬಿಡಿಸುವುದು ಮಾತ್ರ ಬರುತ್ತಿರಲಿಲ್ಲ.

ಇಲ್ಲಿ ನನ್ನ ಅಪ್ಪನ ವಿಷಯ ಬರುತ್ತದೆ. ಅಪ್ಪ ರಾಜಾಜಿನಗರದ ಒಂದು ಶೆಡ್ಡಿನಲ್ಲಿ ಸ್ಟೀಲು ಪಾತ್ರೆ ಪಾಲಿಶ್ ಮಾಡುತ್ತಿದ್ದ. ಹಲ್ಲು, ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಓದು ಬಾರದು. ಅದರ ಹಿಂದಿನ ಬೇಸಿಗೆ ರಜೆಯಲ್ಲಿ ನಾನು ಅವನಿಗೆ ಸಹಿ ಮಾಡಲು ಕಲಿಸಿದ್ದೆ. ಅಮ್ಮನ ಅಗರಬತ್ತಿ ಹಲಗೆಯ ಮೇಲೆ ಇದ್ದಿಲ ಪುಡಿ ಹರಡಿ, ಬತ್ತಿಯ ಕಡ್ಡಿಯಿಂದ ಬರೆಸಿದೆ. ಹೆಸರು ಚಿಕ್ಕಣ್ಣ. ಎರಡೂ ಒತ್ತಕ್ಷರಗಳನ್ನು ಅದರದರ ಜಾಗದಲ್ಲಿ ಕೂರಿಸುವುದಕ್ಕೇ ಒಂದು ತಿಂಗಳು ಬೇಕಾಯಿತು. ಕಲಿತ ಮೇಲೆ ಅಪ್ಪನಿಗೆ ಎಲ್ಲಿ ಸಹಿ ಮಾಡುವುದು ಎಂಬ ಚಿಂತೆ ಹತ್ತಿತು. ಯಾರೂ ಕೇಳುವವರೇ ಇಲ್ಲ! ಶೆಡ್ಡಿನಲ್ಲಿ ಹಾಜರಿಯನ್ನು ಮೇಸ್ತ್ರಿಯೇ ಹಾಕಿಕೊಳ್ಳುತ್ತಿದ್ದ. ಒಂಬತ್ತು ತಿಂಗಳು ಆ ಸಹಿ ಬೆರಳ ತುದಿಯಲ್ಲಿ ಕಾಯುತ್ತ ಕುಳಿತಿತ್ತು.

ಫೆಬ್ರವರಿಯ ಒಂದು ಸಂಜೆ ಅಪ್ಪ ಮನೆಗೆ ಬಂದವನು ಕೈಕಾಲನ್ನೂ ತೊಳೆಯದೆ ಎದೆಯುಬ್ಬಿಸಿ ನಿಂತ.

“ಇವತ್ತು ಎಡ್ಮಾಷ್ಟ್ರು ಕರೆಸಿದ್ರು ಕಣಮ್ಮಿ! ಹೆಬ್ಬೆಟ್ಟು ಒತ್ತಯ್ಯಾ ಅಂತ ಇಂಕು ಡಬ್ಬ ಮುಂದಕ್ಕೆ ತಳ್ಳುದ್ರು. ನಾನು ಬುಟ್ಟೇನಾ? ಇಲ್ಲ ಸಾ, ಪೆನ್ ಕೊಡಿ ಸಾ ಅಂದೆ! ಎಲ್ರ ಎದುರ್ಗೂ ಸೈನ್ ಹಾಕ್ದೆ. ಅಲ್ಲಿದ್ದೋರೆಲ್ಲ ನೋಡ್ತಾ ನಿಂತ್‌ಬುಟ್ರು!”

“ಯಾವುದಕ್ಕಪ್ಪ ಸೈನು?”

“ಅದೇ, ನಿನ್ ಪರೀಕ್ಷೇದು.”

ಅಮ್ಮ ದೃಷ್ಟಿ ತೆಗೆದಳು. ಅಪ್ಪ ಜೀವಮಾನದಲ್ಲಿ ಮಾಡಿದ ಮೊದಲ ಸಹಿ. ಕಲಿಸಿದವಳು ನಾನು. ಅದರಿಂದ ಅವನು ನನ್ನನ್ನೇ ಪರೀಕ್ಷೆಯಿಂದ ತೆಗೆಸಿ ಬಂದಿದ್ದ. ನನಗೆ ಆ ಕ್ಷಣವೇ ಅರ್ಥವಾಯಿತು. ಆದರೆ ಅವನ ಮುಖ ನೋಡಿ ಬಾಯಿ ಬಿಡಲಾಗಲಿಲ್ಲ. ಕರಿಯ ಮುಖದಲ್ಲಿ ಹಲ್ಲುಗಳೆಲ್ಲ ಕಾಣುವಂತೆ ನಗುತ್ತಿದ್ದ.

ನಾನು ಹೇಳದಿದ್ದದ್ದನ್ನು ಅಕ್ಕೋರು ಹೇಳಿದರು. ಆ ಭಾನುವಾರ ಒಲೆ ಹಚ್ಚದೆ, ಬಿಸಿಲಲ್ಲಿ ಬಸವೇಶ್ವರನಗರದಿಂದ ಸುಂಕದಕಟ್ಟೆಗೆ ನಡೆದು ಬಂದರು. ಹವಾಯಿ ಚಪ್ಪಲಿಯ ಬಾರು ದಾರಿಯಲ್ಲಿ ಕಿತ್ತು, ಅದಕ್ಕೆ ಪಿನ್ನು ಚುಚ್ಚಿಕೊಂಡಿದ್ದರು. ಅಪ್ಪ ಮಣೆ ಹಾಕಿದ. ಅವರು ಕೂರಲಿಲ್ಲ.

“ಅಣ್ಣಾರ, ನಿಮ್ಮ ಮಗಳಿಗೆ ಕಾಮಾಲಿ ಆಗೈತಿ ಅಂತ ಬರದು ಕೊಟ್ಟೀರಿ. ಔಷಧಾ ಏನ್ ಮಾಡಿಸೀರಿ?”

“ಕಾಮಾಲೆನಾ? ಯಾರ್ಗೆ ಮೇಡಮ್ನೋರೆ? ಗುಂಡುಕಲ್ಲಂಗವ್ಳೆ ನಮ್ಮುಡುಗಿ!”

ಅಕ್ಕೋರು ಪತ್ರದಲ್ಲಿ ಇದ್ದದ್ದನ್ನು ಬಾಯಿಪಾಠ ಒಪ್ಪಿಸಿದರು. ಪ್ರತಿವರ್ಷದ್ದೂ ಅದೇ ಆದ್ದರಿಂದ ಅವರಿಗೆ ಕಂಠಪಾಠವಾಗಿತ್ತು. ಅಪ್ಪ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕುಳಿತ. ತನ್ನ ಬಲಗೈಯನ್ನು, ಅದು ಯಾರದೋ ಎಂಬಂತೆ, ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಹೆಬ್ಬೆಟ್ಟೇ ಚೆನ್ನಾಗಿತ್ತು” ಎಂದ.

“ಹಂಗ್ಯಾಕಂತೀರಿ? ಸಹಿ ಬರತೈತೆಲ್ಲ, ಇನ್ನೊಂದು ಹಾಕ್ರಿ” ಎಂದರು ಅಕ್ಕೋರು. ನನ್ನ ಕೈಯಿಂದಲೇ ಬರೆಸಿದರು: ‘ನನ್ನ ಮಗಳು ಆರೋಗ್ಯವಾಗಿದ್ದಾಳೆ, ಪರೀಕ್ಷೆಗೆ ಕೂರುತ್ತಾಳೆ.’ ಅಪ್ಪ ಮೂರು ಸಲ ಓದಿಸಿಕೊಂಡ. ಒಂದೊಂದು ಪದದ ಮೇಲೂ ಬೆರಳಿಟ್ಟು “ಇದೇನು, ಇದೇನು” ಎಂದು ಕೇಳಿದ. ಆಮೇಲೆ ಸಹಿ ಹಾಕಿದ. ಈ ಸಲ ಎದೆಯುಬ್ಬಿಸಲಿಲ್ಲ.

ಆ ವರ್ಷ ಕಾಮಾಲೆ ತಗುಲಿದವರು ಐವರು. ಅಕ್ಕೋರು ಐದು ಮನೆಗೂ ಹೋದರು. ಮೂರು ಮನೆಗಳವರು “ಹೋಗ್ಲಿ ಬಿಡಿ ಮೇಡಂ, ಕೆಲ್ಸಕ್ಕೆ ಹಾಕಾಯ್ತು” ಎಂದರು. ರತ್ನಾಳ ಅಮ್ಮ ಬಹಳ ಯೋಚಿಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. “ಇದೊಂದ್ಸಲ ಮೇಡಂ. ಈ ಸಲ ಆಗ್ಲಿಲ್ವಾ, ಗಾರ್ಮೆಂಟ್ಸಿಗೆ ಹಾಕ್ಬಿಡ್ತೀನಿ. ಆಮೇಲೆ ನೀವು ಬಂದು ಕೇಳ್ಬಾರ್ದು” ಎಂದಳು.

ಸೋಮವಾರ ಅಪ್ಪ ಅರ್ಧ ದಿನ ರಜೆ ಹಾಕಿ, ಮುಖ ತೊಳೆದು, ಅಕ್ಕೋರ ಜೊತೆ ಹೆಡ್ಮಾಸ್ಟರ ಕೋಣೆಗೆ ಹೋದ. ನಾನೂ ರತ್ನಾನೂ ಬಾಗಿಲ ಹೊರಗೆ. ಹೆಡ್ಮಾಸ್ಟರು ಅಪ್ಪನ ಹಳೆಯ, ಹೊಸ ಎರಡು ಪತ್ರಗಳನ್ನೂ ಮೇಜಿನ ಮೇಲೆ ಹರಡಿದರು.

“ಏನಯ್ಯಾ, ಮೊನ್ನೆ ಹಾಕಿದ ಸೈನು ನಿಂದೇ ತಾನೆ?”

“ನಂದೇ ಸಾ. ಇದೂ ನಂದೇ. ಎರಡೂ ಒಂದೇ ತರ ಐತೆ ನೋಡಿ. ಇದನ್ನ ಓದುಸ್ಕೊಂಡು ಹಾಕಿವ್ನಿ, ಅಷ್ಟೇ.”

ಹೆಡ್ಮಾಸ್ಟರು ಅಕ್ಕೋರ ಕಡೆ ತಿರುಗಿದರು. “ಮೇಡಂ, ನಿಮಗೆ ಯಾಕೆ ಇದೆಲ್ಲ? ನೂರಕ್ಕೆ ನೂರು ರಿಸಲ್ಟು ಬರ್ತಿರೋ ಸ್ಕೂಲು ಇದು.”

“ನೂರಕ್ಕ ನೂರು ಬೇಕಂದ್ರ ಒಂದ ಹುಡುಗನ್ನ ಕೂಡಸ್ರಿ ಸರ್. ಅಂವಾ ಪಾಸಾದ್ರ ನೂರಕ್ಕ ನೂರು. ಗಣಿತದಾಗ ಏನೂ ತಪ್ಪಿಲ್ಲ.”

ಮೂಲೆಯಲ್ಲಿದ್ದ ಗುಮಾಸ್ತ ಕೆಮ್ಮಿದ. ಹೆಡ್ಮಾಸ್ಟರ ಕಿವಿ ಕೆಂಪಾಯಿತು. “ಆಯ್ತು. ಈ ಇಬ್ಬರಲ್ಲಿ ಒಬ್ಬರು ಫೇಲಾದ್ರೂ ನೀವು ಹತ್ತನೇ ಕ್ಲಾಸಿನ ಗಣಿತ ಬಿಡಬೇಕು. ನಾನು ಕೊಟ್ಟ ಕ್ಲಾಸು ತಗೋಬೇಕು. ಬರೆದು ಕೊಡ್ತೀರಾ?”

ಅಲ್ಲೇ ನಿಂತು ಬರೆದು ಕೊಟ್ಟರು. ತಲೆ ಸರಿಯಿದ್ದವರು ಯಾರಾದರೂ ಕೊಡುತ್ತಾರೆಯೇ?

ಆಮೇಲಿನ ನಲವತ್ತು ದಿನ ಭಾನುವಾರ, ಸೋಮವಾರ ಎಂಬ ವ್ಯತ್ಯಾಸವೇ ಇರಲಿಲ್ಲ. ಶಾಲೆ ಬಿಟ್ಟ ಕೂಡಲೇ ಒಲೆ. ಅಕ್ಕೋರ ಯಜಮಾನರು ದಿನಾ ಹೋಟೆಲು ಊಟ ಮಾಡಿ ಹೊಟ್ಟೆ ಕೆಡಿಸಿಕೊಂಡು, ಕೊನೆಗೆ ನಮ್ಮ ಪಕ್ಕದಲ್ಲೇ ಬಂದು ಕೂರತೊಡಗಿದರು. ಒಂದು ದಿನ ನಾನು ಸೂತ್ರ ಮರೆತು ತಡವರಿಸಿದಾಗ ಅವರೇ ಥಟ್ಟನೆ ಹೇಳಿಬಿಟ್ಟರು. “ನೋಡ್ರಿ, ಎಂಥೆಂಥಾವ್ರಿಗೆ ಬಂತು!” ಎಂದು ಅಕ್ಕೋರು ಅವರಿಗೆ ಮೊದಲನೆಯ ರೊಟ್ಟಿ ಕೊಟ್ಟರು.

ಪರೀಕ್ಷೆ ಮುಗಿಯಿತು. ಬೇಸಿಗೆಯಲ್ಲಿ ಪತ್ರಿಕೆಯಲ್ಲಿ ನಂಬರುಗಳು ಬಂದವು. ನನ್ನ ನಂಬರು ಇತ್ತು. ಅದರ ಮುಂದಿನದು, ರತ್ನಾಳ ನಂಬರು, ಇರಲಿಲ್ಲ.

ಅಂಕಪಟ್ಟಿ ಬಂದಾಗ ಗಣಿತದಲ್ಲಿ ನನಗೆ ಮೂವತ್ತೆಂಟು. ರತ್ನಾಳಿಗೆ ಮೂವತ್ತೊಂದು. ಉಳಿದೆಲ್ಲ ವಿಷಯಗಳಲ್ಲೂ ಅವಳಿಗೆ ನನಗಿಂತ ಹೆಚ್ಚು ಬಂದಿತ್ತು. ಆದರೆ ಗಣಿತದ ಆ ಏಳು ಅಂಕಗಳ ಮೇಲೆ ನಾನು ಇಂದು ನಿಮ್ಮ ಮುಂದೆ ಕುಳಿತು ಪ್ರಬಂಧ ಬರೆಯುತ್ತಿದ್ದೇನೆ. ಅವಳು ಮುಂದಿನ ಸೋಮವಾರವೇ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿಗೆ ಹೋದಳು. ಅವಳ ಅಮ್ಮ ಹೇಳಿದ ಮಾತಿಗೆ ತಪ್ಪುವವಳಲ್ಲ.

ಅಕ್ಕೋರೂ ಬರೆದು ಕೊಟ್ಟ ಮಾತಿಗೆ ತಪ್ಪಲಿಲ್ಲ. ಹೊಸ ವರ್ಷ ಶುರುವಾದಾಗ ಅವರಿಗೆ ಎಂಟನೆಯ ತರಗತಿಯ ಹೊಲಿಗೆ ಪೀರಿಯಡ್ಡು ಸಿಕ್ಕಿತು! ಸೂಜಿಗೆ ದಾರ ಪೋಣಿಸಲೂ ಬಾರದ ಹೆಂಗಸಿಗೆ ಹೊಲಿಗೆ. ಅಲ್ಲಿಯೂ ಸುಮ್ಮನಿದ್ದರೇ? ಕರವಸ್ತ್ರದ ನಾಲ್ಕೂ ಅಂಚು ಅಳೆಸಿ, ಮಡಿಸಿ, ಕರ್ಣ ಎಳೆಸಿ, ಎಂಟನೆಯ ತರಗತಿಯ ಹುಡುಗಿಯರಿಗೆಲ್ಲ ರೇಖಾಗಣಿತ ಬಂತಂತೆ. ಹೊಲಿಗೆ ಮಾತ್ರ ಒಬ್ಬರಿಗೂ ಬರಲಿಲ್ಲ.

ಬಂತಂತೆ ಎಂದು ಬರೆಯುತ್ತಿದ್ದೇನೆ, ಏಕೆಂದರೆ ನಾನು ನೋಡಲಿಲ್ಲ. ಇದನ್ನೂ ಹೇಳಿಬಿಡುತ್ತೇನೆ. ಪಾಸಾದ ಮೇಲೆ ನಾನು ಅಕ್ಕೋರ ಮನೆ ಕಡೆ ಹೋಗಲಿಲ್ಲ, ರತ್ನಾ ಕೆಲಸ ಮಾಡುತ್ತಿದ್ದ ರಸ್ತೆಯನ್ನೂ ತಪ್ಪಿಸಿ ಓಡಾಡಿದೆ. ನನ್ನಿಂದ ಯಾವ ಅಪರಾಧವೂ ಆಗಿರಲಿಲ್ಲ. ಆದರೂ ಸುತ್ತಿಕೊಂಡೇ ಹೋಗುತ್ತಿದ್ದೆ. ಹಗಲು ಟೈಪಿಂಗ್ ಕೆಲಸ, ಸಂಜೆ ಕಾಲೇಜು. ಪಿಯುಸಿ ಮುಗಿಯಿತು, ಬಿ.ಎ. ಮುಗಿಯಿತು. ಐದು ವರ್ಷ ಹೀಗೇ ಕಳೆಯಿತು.

ಡಿಗ್ರಿ ಫಲಿತಾಂಶ ಬಂದ ವಾರ ಅಪ್ಪ ಕೇಳಿದ: “ಆ ಮೇಡಮ್ನೋರ್ಗೆ ಹೇಳ್ದೇನಮ್ಮಿ?” ಹೇಳಿರಲಿಲ್ಲ. ಮರುದಿನವೇ ಒಂದು ಪೊಟ್ಟಣ ಧಾರವಾಡ ಪೇಡ ಕಟ್ಟಿಸಿಕೊಂಡು ಬಸವೇಶ್ವರನಗರಕ್ಕೆ ಹೋದೆ. ಹೊಸ ಸೀರೆ ಉಟ್ಟಿದ್ದೆ. ಏನೇನು ಹೇಳಬೇಕು, ಅವರು ಏನೇನು ಹೇಳಬಹುದು, ಬಸ್ಸಿನಲ್ಲಿ ಎಲ್ಲವನ್ನೂ ಅಂದುಕೊಂಡು ಹೋಗಿದ್ದೆ. ಬಾಗಿಲು ತೆರೆದವರು ಯಜಮಾನರು. ಕೂದಲು ಪೂರ್ತಿ ನರೆತಿತ್ತು.

“ಅಕಿ ಎಲ್ಲಿರ್ತಾಳವಾ ಈ ಹೊತ್ತಿನ್ಯಾಗ? ಗುರುವಾರ ಅಲ್ಲ? ಸಾಲಿ ಬಿಡುವಿನಾಗ ಗೇಟಿಗೆ ಹೋಗಿರ್ತಾಳ.”

“ಯಾವ ಗೇಟು ಸಾರ್?”

“ನಿನಗ ಗೊತ್ತಿಲ್ಲ? ಆ ಬಟ್ಟಿ ಹೊಲಿಯೂ ಫ್ಯಾಕ್ಟರಿ ಗೇಟು. ಐದು ವರ್ಷಾತು. ತಲಿ ಕೆಟ್ಟೈತಿ ಅಕಿಗೆ.”

ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಫ್ಯಾಕ್ಟರಿಯ ಕಾಂಪೌಂಡಿನ ಹೊರಗೆ, ಗೋಡೆಯ ಒಂದಡಿ ನೆರಳಿನಲ್ಲಿ, ಹೆಣ್ಣುಮಕ್ಕಳು ಸಾಲಾಗಿ ಕುಳಿತು ಊಟದ ಡಬ್ಬಿ ಬಿಚ್ಚಿದ್ದರು. ಮೂಲೆಯಲ್ಲಿ ನಾಲ್ಕು ಜನರ ಗುಂಪು. ಸಿಮೆಂಟಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ವರ್ಗ ಸಮೀಕರಣ. ಅದರ ಪಕ್ಕ ಹಳೆಯ, ಮಳೆಗೆ ಅರ್ಧ ಅಳಿಸಿದ ತ್ರಿಕೋನಗಳು. ಅಕ್ಕೋರು ಕಲ್ಲಿನ ಮೇಲೆ ಕುಳಿತಿದ್ದರು. ಎದುರಿ‌ಗೆ, ಕೊರಳಲ್ಲಿ ತಾಳಿ, ಬೆರಳುಗಳಿಗೆಲ್ಲ ಬಟ್ಟೆಯ ನೂಲು ಅಂಟಿಸಿಕೊಂಡು, ಅನ್ನ ಕಲಸುತ್ತಲೇ ಗೋಡೆ ನೋಡುತ್ತಿದ್ದವಳು ರತ್ನಾ. ಮೊದಲು ನನ್ನನ್ನು ಕಂಡವಳೂ ಅವಳೇ.

“ಓ, ಯಾರು! ಗುರ್ತು ಸಿಕ್ತೇನೇ ನಮ್ದು?”

ಅಕ್ಕೋರು ತಿರುಗಿ ನೋಡಿದರು. ನಾನು ಪೇಡದ ಪೊಟ್ಟಣ ಮುಂದೆ ಹಿಡಿದು, ಅಂದುಕೊಂಡಿದ್ದ ಮಾತುಗಳಲ್ಲಿ ಒಂದನ್ನೂ ಹೇಳಲಾಗದೆ, “ಡಿಗ್ರಿ ಆಯ್ತು ಅಕ್ಕೋರೇ” ಎಂದೆ.

ಅವರು ಎದ್ದರು. ಸುಣ್ಣದ ಕೈಗಳಿಂದ ನನ್ನ ಮುಖ ಹಿಡಿದು, ತಮ್ಮ ಹಣೆಯ ಎರಡೂ ಕಡೆ ಬೆರಳೊತ್ತಿ ನೆಟಿಕೆ ಮುರಿದರು. ಪೇಡಗಳನ್ನು ಆ ನಾಲ್ವರಿಗೂ, ಪಕ್ಕದ ಸಾಲಿನವರಿಗೂ ಹಂಚಿಬಿಟ್ಟರು. ಅವರಿಗೆ ಒಂದೂ ಉಳಿಯಲಿಲ್ಲ. ಗಡಿಯಾರ ನೋಡಿಕೊಂಡರು.

“ಇನ್ನ ಹನ್ನೆರಡು ನಿಮಿಷ ಐತಿ. ಈ ಲೆಕ್ಕಾ ನೀ ಹೇಳು.”

ಸೀಮೆಸುಣ್ಣವನ್ನು ನನ್ನ ಕೈಗಿಟ್ಟು, ಬೆನ್ನು ತಿರುಗಿಸಿ, ರಸ್ತೆಯ ಕಡೆ ನೋಡುತ್ತ ನಿಂತರು. ಸೆರಗು ಎರಡು ಸಲ ಮುಖದ ಹತ್ತಿರ ಹೋಯಿತು.

ವರ್ಷವರ್ಷವೂ ಗಣಿತದ ಪರೀಕ್ಷೆ ಕಟ್ಟುತ್ತಿದ್ದ ರತ್ನಾ ಆ ವರ್ಷವಾದರೂ ಪಾಸಾದಳೇ ಎಂದು ನೀವು ಕೇಳುತ್ತೀರಿ. ಇಲ್ಲ. ಆಗಲಿಲ್ಲ. ಆದರೆ ಆ ಮಧ್ಯಾಹ್ನ ಅದು ನಮಗೆ ಗೊತ್ತಿರಲಿಲ್ಲ. ನಾನು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಹೊಸ ಸೀರೆಯ ಸೆರಗು ಮಣ್ಣಿನಲ್ಲಿ ಎಳೆಯುತ್ತಿತ್ತು. ರತ್ನಾ ಎಡಗೈಯಿಂದ ಅದನ್ನು ಎತ್ತಿ, ಕೊಡವಿ, ನನ್ನ ಸೊಂಟಕ್ಕೆ ಸಿಕ್ಕಿಸಿದಳು.

“ಹೂಂ, ಹೇಳು. ಎರಡನೇ ಸ್ಟೆಪ್ಪಿಂದ ಮುಂದಕ್ಕೆ ನಂಗೆ ಅರ್ಥಾನೇ ಆಗಲ್ಲ ಕಣೇ.”

“ನಂಗೂ ಅಲ್ಲೇ ಕಣೇ ಆಗ್ತಿರ್ಲಿಲ್ಲ” ಎಂದೆ.